ಸ್ತೋತ್ರದ ಸಾಲಿಗೆ ಸರಿದ ಹೆಸರು

ಬುಂಬಾ ಹಳ್ಳಿ, ರುಂಫಿ ರಸ್ತೆ
೧೯೯೭ರ ಜನವರಿ ೧೯, ಭಾನುವಾರ, ಆರಾಧನೆ ಮುಗಿದ ಮೇಲೆ

ಪ್ರೀತಿಯ ಲುಸುಂಗು ಅಣ್ಣನಿಗೆ,

ಹೇಗಿದ್ದೀಯ? ಕೆಮ್ಮು ವಾಸಿಯಾಯಿತೇ? ಹದಿನಾಲ್ಕು ತಿಂಗಳ ಹಿಂದೆ ಬಂದ ನಿನ್ನ ಕಡೆಯ ಕಾಗದದಲ್ಲಿ ಕೆಮ್ಮಿದೆ ಎಂದಿದ್ದೆ. ಅಮ್ಮ ಇವತ್ತಿಗೂ ಆ ಕೆಮ್ಮಿಗೆ ನೀಲಗಿರಿ ಎಲೆ ಕುದಿಸಬೇಕು ಅನ್ನುತ್ತಲೇ ಇದ್ದಾಳೆ. ನನ್ನ ಎಣಿಕೆಯ ಪ್ರಕಾರ ಇಷ್ಟು ಹೊತ್ತಿಗೆ ಕೆಮ್ಮಿಗೇ ನಿನ್ನ ಸಹವಾಸ ಸಾಕಾಗಿ ಜೋಹಾನ್ಸ್‌ಬರ್ಗಿನಲ್ಲಿ ಬೇರೆ ಎದೆ ಹುಡುಕಿಕೊಂಡಿರಬೇಕು. ನಾವು ಇಲ್ಲಿ ಕ್ಷೇಮ. ಕ್ಷೇಮ ಅಂದರೆ ದಣಿದಿದ್ದೇವೆ. ಮಳೆ ಸರಿಯಾಗಿ ಹಿಡಿದಿದೆ, ಜೋಳ ಮೊಣಕಾಲುದ್ದ ಬಂದಿದೆ, ಕಳೆ ಅದಕ್ಕಿಂತ ಒಂದು ಗೇಣು ಹೆಚ್ಚೇ ಬಂದಿದೆ. ಗುದ್ದಲಿ ಹಿಡಿದೂ ಹಿಡಿದೂ ನನ್ನ ಬೆರಳುಗಳು ಮಡಚಿದಲ್ಲೇ ನಿಂತಿವೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಕ್ಷಮಿಸು. ಇದನ್ನು ಜೋಹಾನ್ಸ್‌ಬರ್ಗಿಗೆ ಹೋಗುವ ಬಸ್ಸಿನ ಚಾಲಕ ಚವುಲಾ ಕೈಯಲ್ಲಿ ನಿನ್ನ ಹಳೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನು ಅಲ್ಲಿಲ್ಲದೆ ಬೇರೆ ಯಾರಾದರೂ ಒಡೆದು ಓದುತ್ತಿದ್ದರೆ, ಮಾನ್ಯರೇ, ದಯವಿಟ್ಟು ನಿಲ್ಲಿಸಿ. ಕೆಮ್ಮುವ ಒಬ್ಬ ಉದ್ದನೆಯ ಮನುಷ್ಯನನ್ನು ಹುಡುಕಿ ಅವನಿಗೆ ಕೊಡಿ.

ಇನ್ನು ಸುದ್ದಿ. ಕೆಳಗೆ ಸಹಿ ಮಾಡಿರುವ ಪಾಪಿಯಾದ ನಾನು, ಸಭೆಯ ಹಿರಿಯರ ಮುಂದೆ ಅರಿಕೆ ಮಾಡಿಕೊಳ್ಳುವ ಹಾಗೆ, ನಿನ್ನ ಮುಂದೆ ಅರಿಕೆ ಮಾಡಿಕೊಳ್ಳುವುದೇನೆಂದರೆ: ಅಣ್ಣಾ, ಹೋದ ಮಂಗಳವಾರ ಬೆಳಗಿನ ಜಾವ ನಾನು ನಿನ್ನನ್ನು ಕೊಂದೆ. ಬೇಕೆಂದು ಮಾಡಿದ್ದಲ್ಲ. ಆಕಳಿಸುತ್ತಾ ಮಾಡಿದ್ದು.

ನಮ್ಮ ಮನೆಯ ಬೆಳಗಿನ ಪ್ರಾರ್ಥನೆಯ ಕಟ್ಟಳೆ ನಿನಗೆ ಮರೆತಿರಲಾರದು. ಆದರೂ ಅಲ್ಲಿ ನಾಲ್ಕೂವರೆಗೆ ಮಡಕೆಯ ಮುಚ್ಚಳ ಬಡಿದು ನಿನ್ನನ್ನು ಎಬ್ಬಿಸುವವರು ಯಾರಿದ್ದಾರೆ? ಅದಕ್ಕೇ ಪಾಠ ಒಪ್ಪಿಸುತ್ತೇನೆ. ಮೊದಲು ಸ್ತೋತ್ರ. ಮೂರು ವಿಷಯಕ್ಕೆ, ಆ ವಾರದಲ್ಲಿ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. (ಗುರುವಾರದ ಹೊತ್ತಿಗೆ ನನ್ನ ಕೃತಜ್ಞತೆ ತಳ ಕಾಣುತ್ತದೆ. ಒಮ್ಮೆ ಪಕ್ಕದ ಮನೆಯ ಮೇಕೆಗೆ ಹಲ್ಲುನೋವು ಬಂದದ್ದಕ್ಕೆ ಸ್ತೋತ್ರ ಹೇಳಿ ಬೆನ್ನಿಗೆ ಸೌಟಿನ ಪೆಟ್ಟು ತಿಂದಿದ್ದೇನೆ. ನಮ್ಮ ಹುರುಳಿಗಿಡ ಉಳಿದದ್ದಂತೂ ಆ ಹಲ್ಲುನೋವಿನಿಂದಲೇ.) ಆಮೇಲೆ ಮನೆಯಲ್ಲಿ ತೀರಿಕೊಂಡವರ ಹೆಸರುಗಳು, ಅವರ ಬಾಳಿಗಾಗಿ ಸ್ತೋತ್ರ. ಸತ್ತವರಿಗೆ ಏನೂ ಬೇಕಾಗಿಲ್ಲ, ಆದ್ದರಿಂದ ಅವರಿಗಾಗಿ ಬೇಡುವಂತಿಲ್ಲ. ಕಡೆಗೆ ಬದುಕಿರುವವರ ಹೆಸರುಗಳು, ಅವರಿಗಾಗಿ ಬೇಡಿಕೆ. ಅಜ್ಜ ಸಭೆಯ ಹಿರಿಯರಾಗಿದ್ದಾಗ ಈ ಕಟ್ಟಳೆಯನ್ನು ಇಡೀ ಬುಂಬಾಕ್ಕೆ ಅಂಟಿಸಿಹೋದರು. ಇಲ್ಲಿ ಯಾರ ಮನೆ ಬಾಗಿಲಲ್ಲಿ ನಿಂತು ಪ್ರಾರ್ಥನೆ ಕೇಳಿದರೂ ಯಾರು ಇದ್ದಾರೆ, ಯಾರು ಇಲ್ಲ ಎಂದು ತಿಳಿಯುತ್ತದೆ. ಈ ಹದಿನಾಲ್ಕು ತಿಂಗಳೂ ಅಮ್ಮನ ಬೇಡಿಕೆಯಲ್ಲಿ ಮೊದಲ ಹೆಸರು ನಿನ್ನದೇ. ಆ ಹೆಸರು ಹೇಳುವಾಗ ಮಾತ್ರ ದನಿ ಏರಿಸುತ್ತಿದ್ದಳು, ದೇವರು ಜೋಹಾನ್ಸ್‌ಬರ್ಗಿನ ಕಡೆ ಕೂತಿದ್ದಾನೆ, ದೂರ ಅನ್ನುವ ಹಾಗೆ.

ಸೋಮವಾರ ನಾನು ಒಬ್ಬಳೇ ಹದಿನಾಲ್ಕು ಸಾಲು ಕಳೆ ತೆಗೆದಿದ್ದೆ. ಅಮ್ಮನಿಗೆ ಮೂರು ದಿನದಿಂದ ಮಲೇರಿಯಾ, ಗಂಟಲು ಕಟ್ಟಿತ್ತು. ಮಂಗಳವಾರ ಚಾಪೆಯ ಮೇಲೆ ಎದ್ದು ಕೂತು, "ಇವತ್ತು ನೀನೇ ನಡ್ಸು ವೇಜಿ. ತಮಾಷೆ ಗಿಮಾಷೆ ಬೇಡ, ಕೇಳೋನು ದೊಡ್ಡೋನು" ಅಂದಳು. ನಾನು ಮೊಣಕಾಲೂರಿದೆ. ಮೂರು ಸ್ತೋತ್ರ ಹೇಗೋ ಹೇಳಿದೆ: ಮಳೆಗೆ, ಮಾತ್ರೆಗೆ, ಮುರಿಯದೆ ಉಳಿದ ಗುದ್ದಲಿಯ ಹಿಡಿಗೆ. ಆಮೇಲೆ ಹೆಸರುಗಳು. ಅಜ್ಜ, ಅಪ್ಪ, ಕೂಸಿನಲ್ಲೇ ಹೋದ ತಂಗಿ ಟಿವೋಂಗೆ. ಅಲ್ಲಿ ನಿಲ್ಲಿಸಿ, ಅವರ ಬಾಳಿಗಾಗಿ ಸ್ತೋತ್ರ ಎಂದು ಗಂಟು ಹಾಕಬೇಕಿತ್ತು. ನಾನು ನಿಲ್ಲಲಿಲ್ಲ. ನಿದ್ದೆಯ ಎತ್ತು ತಾನೇ ಮುಂದಕ್ಕೆ ನಡೆಯಿತು. ಲುಸುಂಗು ಅಂದೆ. ಆಗ ಒಂದು ದೊಡ್ಡ ಆಕಳಿಕೆ ಬಂತು. ಆಕಳಿಕೆ ಮುಗಿಯುವಷ್ಟರಲ್ಲಿ ಎಲ್ಲಿದ್ದೆನೆಂಬುದೇ ಮರೆತು, "ಇವರೆಲ್ಲರ ಬಾಳಿಗಾಗಿ ಸ್ತೋತ್ರ, ಆಮೆನ್" ಅಂದುಬಿಟ್ಟೆ. ಅಮ್ಮ ಆಮೆನ್ ಅನ್ನಲಿಲ್ಲ. ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ದಿನಾ ಕೆಂಡ ಕೇಳಲು ಬರುವ ಪಕ್ಕದ ಮನೆಯ ನ್ಯಾಲುಹಾಂಗಾಳ ಹೆಂಚಿನ ಚೂರು ಅದು. ನಾನು ಹೊರಗೆ ಬಂದಾಗ ಅವಳು ಕೆಂಡ ಬಿಟ್ಟು, ತಲೆಯ ಮೇಲೆ ಕೈ ಹೊತ್ತು, ಆಗಲೇ ಬಾವಿಯ ದಾರಿಯಲ್ಲಿದ್ದಳು.

ಎಂಟು ಗಂಟೆಗೆ, ಸಾವಿನ ಗುರುತಾಗಿ, ರಸ್ತೆಗೆ ಅಡ್ಡ ಮರದ ಕೊಂಬೆ ಇಟ್ಟರು. ಸೈಕಲ್ಲಿನವರು ಇಳಿದು, ಟೋಪಿ ತೆಗೆದು, ತಳ್ಳಿಕೊಂಡು ಹೋದರು. ಹೆಂಗಸರು ತಲೆಯ ಮೇಲೆ ಹಿಟ್ಟಿನ ಬುಟ್ಟಿ, ಸೌದೆ ಹೊತ್ತು ಸಾಲಾಗಿ ಬಂದರು. ಗಂಡಸರು ನಮ್ಮ ಮಾವಿನ ಮರದ ಕೆಳಗೆ ಕೂತು ನಿನ್ನ ಗುಣಗಾನ ಶುರುಮಾಡಿದರು. ಅಣ್ಣಾ, ನೀನು ಎಷ್ಟು ಒಳ್ಳೆಯವನೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಹಲಸಂದೆ ಕದ್ದವನು ಬೇರೆ ಯಾರೋ ಇರಬೇಕು. ನಾನು ಅಂಗಳದ ಮಧ್ಯೆ ನಿಂತು ಗಟ್ಟಿಯಾಗಿ ಹೇಳಿದೆ, ತಪ್ಪು ನನ್ನದು, ನಿದ್ದೆಗಣ್ಣಲ್ಲಿ ಹೆಸರು ಜಾರಿತು, ಅಣ್ಣ ಸತ್ತಿಲ್ಲ ಅಂತ. ಹಿರಿಯರಾದ ಮುಂಥಾಲಿಯವರು ಕನ್ನಡಕದ ಮೇಲಿಂದ ನೋಡಿ, "ಇದು ತಮಾಷೆ ಮಾಡೋ ದಿನ ಅಲ್ಲ ಮಗಳೇ" ಅಂದರು. ಅವರ ತಪ್ಪೇನಿದೆ? ಹೋದ ವರ್ಷ, ಸಭೆಯ ಮೇಲಿನ ಮಂಡಳಿಯಾದ ಸಿನೋಡಿನಿಂದ ದೊಡ್ಡವರು ಬರುತ್ತಾರೆಂದು ನಂಬಿಸಿ, ಅವರಿಗೆ ಕೋಟು ತೊಡಿಸಿ ಬಸ್ಸಿನ ನಿಲ್ದಾಣದಲ್ಲಿ ಮಧ್ಯಾಹ್ನದವರೆಗೂ ನಿಲ್ಲಿಸಿದವಳು ನಾನೇ. "ದೇವರಾಣೆಗೂ ಬದುಕಿದ್ದಾನೆ" ಅಂದೆ. ಅವರು ಮೆತ್ತಗೆ, ಬೈಯುವ ದನಿಯಲ್ಲೂ ಅಲ್ಲದೆ, "ಹಾಗಾದ್ರೆ ಕಾಗದ ತೋರ್ಸು" ಅಂದರು.

ಸುಳ್ಳು ಹೇಳಿ ಊರನ್ನೇ ನಂಬಿಸಿದ ನನ್ನ ಹತ್ತಿರ, ನಿಜ ಹೇಳುವಾಗ ತೋರಿಸಲು ಈಚಿನ ಒಂದು ಚೂರು ಕಾಗದವೂ ಇರಲಿಲ್ಲ. ನಿಂತಲ್ಲೇ ಯೋಚಿಸಿದೆ: ನಿಜವಾಗಿಯೂ ನನಗೆ ಗೊತ್ತೇ?

ಒಳಗೆ ಹೋದೆ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಎರಡೂ ಕಡೆ ಹೆಂಗಸರು ಒತ್ತಿಕೊಂಡು ಕೂತಿದ್ದರು. ಅಳುತ್ತಿದ್ದಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದು ನಾನು ಕಂಡಿಲ್ಲ. ಕಿವಿಯಲ್ಲಿ ಹೇಳಿದೆ, "ಅಮ್ಮಾ, ನೀನಾದ್ರೂ ಹೇಳು, ಇವ್ರನ್ನೆಲ್ಲ ಕಳ್ಸು." ಅವಳು ನನ್ನ ಮಣಿಕಟ್ಟು ಹಿಡಿದು ಹೇಳಿದಳು, "ಕೂತ್ಕೊಳ್ಳಲಿ ಬಿಡೇ. ಹದ್ನಾಲ್ಕು ತಿಂಗ್ಳಾಯ್ತು, ನನ್ಜೊತೆ ಯಾರೂ ಕೂತಿರ್ಲಿಲ್ಲ."

ನಿಜವೇ ಅಣ್ಣಾ. ಮಗ ಸತ್ತವಳ ಮನೆಗೆ ಹಿಟ್ಟು ಬರುತ್ತದೆ, ಸೌದೆ ಬರುತ್ತದೆ, ಹೆಗಲು ಬರುತ್ತದೆ. ಮಗ ಮಚೋನಾ ಆದವಳ ಮನೆಗೆ, ದಕ್ಷಿಣಕ್ಕೆ ದುಡಿಯಲು ಹೋದವನು ಅಲ್ಲೇ ಕಳೆದುಹೋದ ಮನೆಗೆ, ಬುದ್ಧಿಮಾತು ಮಾತ್ರ ಬರುತ್ತದೆ. ಅಮ್ಮನನ್ನು ತವರಿನ ಹೆಸರಿನಿಂದ ಕರೆದು ಹೇಳುತ್ತಾರೆ: "ಅಲ್ಲಿ ಹೆಂಡತಿ ಸಿಕ್ಕಿರ್ತಾಳೆ ಬಿಡು ನ್ಯಾಗೊಂಡ್ವೆ." "ಬೀಳ್ಕೊಡುವಾಗ ಇನ್ನೂ ಸ್ವಲ್ಪ ಬಿಗಿಯಾಗಿ ಹೇಳ್ಬೇಕಿತ್ತು ನ್ಯಾಗೊಂಡ್ವೆ." ಇದನ್ನೆಲ್ಲ ಅಮ್ಮ ಬಾವಿಕಟ್ಟೆಯಲ್ಲಿ ಕೇಳಿ, ಕೊಡ ಹೊತ್ತು ಸುಮ್ಮನೆ ಬರುತ್ತಿದ್ದಳಂತೆ. ಹದಿನಾಲ್ಕು ತಿಂಗಳು ಒಂದೇ ಚಾಪೆಯಲ್ಲಿ ಮಲಗಿದ ನನಗೆ ಅದು ತಿಳಿಯಲಿಲ್ಲ. ನಾನು ಮೇಕೆಯ ಹಲ್ಲಿನ ಬಗ್ಗೆ ಸ್ತೋತ್ರ ಕಟ್ಟುತ್ತಿದ್ದೆ.

ಮೂರು ದಿನದ ದುಃಖ ಮುಗಿಸಿ ಗುರುವಾರ ಎಲ್ಲರೂ ಮನೆಗೆ ಹೋದರು, ಕೊಂಬೆಯನ್ನು ರಸ್ತೆಯಿಂದ ಎಳೆದುಹಾಕಿದರು. ಸಾವಿನ ಮನೆಗೆ ತಂದ ಹಿಟ್ಟನ್ನು ಹಿಂದಕ್ಕೆ ಕೊಡುವಂತಿಲ್ಲ, ಆದ್ದರಿಂದ ಎರಡು ಹೊತ್ತೂ ನಿನ್ನ ಸಾವಿನ ಹಿಟ್ಟಿನ ಮುದ್ದೆಯನ್ನೇ ತಿನ್ನುತ್ತಿದ್ದೇವೆ. ಹಸಿವಿನ ಈ ತಿಂಗಳಲ್ಲಿ ಇಷ್ಟು ಬೆಳ್ಳಗಿನ ಹಿಟ್ಟು ನಮಗೆ ಎಲ್ಲಿ ಸಿಗುತ್ತಿತ್ತು ಹೇಳು. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದು ಇಳಿಯಿತು. ಅದಕ್ಕೂ ಸ್ತೋತ್ರ ಹೇಳಬೇಕೋ ಬೇಡವೋ ತಿಳಿಯದೆ ಬಿಟ್ಟಿದ್ದೇನೆ.

ಜ್ವರ ಇಳಿದಿದೆ. ಶುಕ್ರವಾರದಿಂದ ಪ್ರಾರ್ಥನೆಯನ್ನು ಅಮ್ಮನೇ ನಡೆಸುತ್ತಾಳೆ. ಸ್ತೋತ್ರದಲ್ಲಿ ಅಜ್ಜ, ಅಪ್ಪ, ಟಿವೋಂಗೆ. ಅಲ್ಲಿಗೆ ನಿಲ್ಲಿಸುತ್ತಾಳೆ. ಬೇಡಿಕೆಯಲ್ಲಿ ಮೊದಲ ಹೆಸರು ಈಗ ನನ್ನದು. ಆದರೆ ಅದಕ್ಕೂ ಮೊದಲು ಸುಮ್ಮನಿರುತ್ತಾಳೆ, ಮೂರು ಉಸಿರಿನಷ್ಟು ಹೊತ್ತು. ನಿನ್ನೆ ಧೈರ್ಯ ಮಾಡಿ ಕೇಳಿದೆ. "ಆ ಜಾಗ ಅವನ್ದು. ನಾನು ಇಷ್ಟು ದಿನ ಹೇಳ್ದೆ, ಸಾಕಾಯ್ತು. ಇದ್ರೆ ಅವನೇ ಹೇಳ್ಕೊಳ್ಳಲಿ" ಅಂದು ಗಂಜಿ ತಿರುವಲು ಹೋದಳು. ಹೆಗಲು ಇಳಿಬಿದ್ದಿತ್ತು.

ಆದ್ದರಿಂದ, ನೀನು ಎಲ್ಲೇ ಇರು, ನಾಲ್ಕೂವರೆಗೆ ಎದ್ದು ನಿನ್ನ ಹೆಸರನ್ನು ನೀನೇ ಒಮ್ಮೆ ಹೇಳಿಕೋ. ಎದ್ದೇಳಲಾಗದಿದ್ದರೆ ಮಲಗಿಕೊಂಡೇ ಹೇಳು, ನಾನು ಯಾರಿಗೂ ಹೇಳುವುದಿಲ್ಲ. ಕರ್ತನು ನಿನ್ನ ಎದೆಯನ್ನೂ ಕಾಲಿನ ಬೂಟನ್ನೂ ಕಾಯಲಿ. ಹಲಸಂದೆ ಹೊಲದವರೆಲ್ಲ ನಿನ್ನನ್ನು ಮನಸಾರೆ ಕ್ಷಮಿಸಿದ್ದಾರೆ. ಸಾಯದೆಯೇ ಇಂಥ ಕ್ಷಮೆ ಸಿಕ್ಕವರು ಈ ಊರಲ್ಲಿ ನೀನೊಬ್ಬನೇ.

ನಿನ್ನನ್ನು ಕೊಂದ, ನಿನಗೆ ಉಳಿದಿರುವ ಒಬ್ಬಳೇ ತಂಗಿ,
ವೇಜಿ

ಮರೆತ ಮಾತು: ಚವುಲಾ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಆರಾಧನೆ ಮುಗಿದ ಮೇಲೆ ಮುಂಥಾಲಿಯವರು ಅಮ್ಮನನ್ನು ಕೇಳಿದರು, ಈಸ್ಟರ್ ಭಾನುವಾರ ಅಗಲಿದವರ ಹೆಸರು ಓದುವಾಗ ಲುಸುಂಗುವಿನದನ್ನೂ ಓದಲೇ ಅಂತ. ಅಮ್ಮ, "ಅಲ್ಲೀವರ್ಗೂ ಏನೂ ಬರ್ದೇ ಹೋದ್ರೆ ಓದಿ" ಅಂದಳು. ಈಸ್ಟರ್ ಮಾರ್ಚ್ ಮೂವತ್ತಕ್ಕೆ. ಬರಿಗೈಯಲ್ಲಿ ಬರಲು ನಾಚಿಕೆಯಾಗಿ ಸುಮ್ಮನಿದ್ದೀಯಾದರೆ ಬರಬೇಡ. ಏನು ಬರೆಯಬೇಕೆಂದು ತೋಚದಿದ್ದರೆ ಬರೆಯಲೂ ಬೇಡ. ಪ್ರಾರ್ಥನೆಯ ಹೊತ್ತಿನಲ್ಲಿ ಒಲೆಯ ಮಸಿಯಿಂದ ನೆಲದ ಮೇಲೆ ಒಂದು ಕೋಳಿ ಬಿಡಿಸುತ್ತಿದ್ದೆಯಲ್ಲ, ಅಮ್ಮ ಕಣ್ಣು ಮುಚ್ಚಿಕೊಂಡೇ ಎಲ್ಲ ನೋಡುತ್ತಿದ್ದಳಲ್ಲ, ಆ ಕೋಳಿಯನ್ನು ಒಂದು ಚೂರು ಕಾಗದದ ಮೇಲೆ ಬಿಡಿಸಿ ಇದೇ ಚವುಲಾ ಕೈಗೆ ಕೊಡು. ನಿನ್ನ ಕೋಳಿಗಿದ್ದ ಮೂರೂ ಕಾಲು ಮರೆಯಬೇಡ. ಎರಡೇ ಕಾಲು ಇದ್ದರೆ ನಾನೇ ಬಿಡಿಸಿದ್ದು ಅಂದುಕೊಳ್ಳುತ್ತಾಳೆ.