ಕೆಳಗಿನ ಬಚ್ಚಲಿಗೆ ಬಂದ ಬಿಸಿನೀರು

ಮನೆಯಿಂದ, ಕೆಳಗಿನ ಕೋಣೆ
ಭಾನುವಾರ, ಹನ್ನೆರಡನೇ ತಾರೀಖು

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ವಾರ್ಡಿನಲ್ಲಿ ನಿಂತು ನಿಂತು ಬರುತ್ತಿದ್ದ ಕಾಲುನೋವು ಇಳಿಯಿತೇ? ರೋಗಿಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಊಟ ಕೊಡಿಸುವ ನರ್ಸಮ್ಮ ತಾನು ಮಾತ್ರ ಎರಡು ಬಿಸ್ಕತ್ತು ತಿಂದು ಮಲಗುತ್ತಾಳೆಂದು ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಬೆಳಗಿನ ಹೊತ್ತು ಬೆರಳು ಮಡಚಲು ಬರುವುದಿಲ್ಲ, ಅಷ್ಟೆ. ಮೂವತ್ತು ವರ್ಷ ಊರವರ ಅಂಗಿ ಹೊಲಿದ ಬೆರಳುಗಳು, ಮುನಿಸಿಕೊಳ್ಳುವ ಹಕ್ಕು ಅವಕ್ಕಿದೆ.

ಅಮ್ಮ ಮನೆಯ ಅಂದ ಕೆಡಿಸಿದಳೆಂದು ನಿಮ್ಮಣ್ಣ ಫೋನಿನಲ್ಲಿ ದೂರಿದನಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಲ್ಲ ನೀನು. ನಡೆದದ್ದನ್ನು ನನ್ನಿಂದ ಕೇಳು.

ಕಳೆದ ತಿಂಗಳು ಮಹಾಶಯನಿಗೆ ಬಿಸಿನೀರಿನ ಸೋಲಾರ್ ಹುಚ್ಚು ಹಿಡಿಯಿತು. ಮೇಲಿನ ಮಹಡಿಯ ಬಾಲ್ಕನಿಯಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಫೋನಿನಲ್ಲಿ ಅದೇ ಪ್ರವಚನ: ಎಷ್ಟು ಲೀಟರು, ಎಷ್ಟು ಗಾಜಿನ ಕೊಳವೆ. ಆಫೀಸಿನಲ್ಲಿ ನಾಲ್ಕು ಗುಮಾಸ್ತರನ್ನು ಆಳಿ ಆಳಿ, ಸೂರ್ಯನೂ ತನ್ನ ಕೈಕೆಳಗಿನವನೇ ಎಂದುಕೊಂಡಿದ್ದಾನೆ. ಸಾಮಾನು ಬಂದ ದಿನ ರಜೆ ಹಾಕಿ, ಕಪ್ಪು ಕನ್ನಡಕ ಏರಿಸಿ ತಾರಸಿಯ ಮೇಲೆ ನಿಂತ ಆ ಜಂಭದ ಕೋಳಿಯನ್ನು ನೀನು ನೋಡಬೇಕಿತ್ತು! ಮನೆಯ ಬಲ್ಬು ಬದಲಿಸಲು ಬಾರದವನು ತಲೆ ನರೆತ ಪ್ಲಂಬರಿಗೆ ಪಾಠ ಹೇಳುತ್ತಿದ್ದ. ದಾರಿಹೋಕರಿಗೆ ಚೆನ್ನಾಗಿ ಕಾಣಲಿ ಎಂದು ಸ್ಟ್ಯಾಂಡನ್ನೇ ಬೀದಿಯತ್ತ ತಿರುಗಿಸಿ ಇಡಿಸಿದ. "ಸಾರ್, ಇದು ಬಿಸಿಲು ನೋಡ್ಬೇಕು, ಬೀದಿ ನೋಡೋದಲ್ಲ" ಎಂದು ಆತ ಅಂದ ಮೇಲೆ ಮತ್ತೆ ತಿರುಗಿತು.

ನಾನು ಆಗ ಕೆಳಗಿನ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಇಬ್ಬರೂ ಇಳಿದುಬಂದು ಕಿಟಕಿಯಾಚೆ ನಿಂತಿದ್ದರು. "ಕೆಳಗಿನ ಬಚ್ಚಲಿಗೂ ಲೈನ್ ಕೊಡ್ಲಾ ಸಾರ್?" ಎಂದು ಪ್ಲಂಬರ್ ಕೇಳಿದ. ನಿಮ್ಮಣ್ಣ, "ಬೇಡ ಬಿಡ್ರಿ, ಈಗ ತಾನೇ ಬಣ್ಣ ಹೊಡೆಸಿದೀನಿ, ಪೈಪ್ ಅಸಹ್ಯವಾಗಿ ಕಾಣತ್ತೆ. ಕೆಳಗೆ ಯಾರೂ ಇರಲ್ಲ" ಅಂದ.

ಯಾರೂ ಇರಲ್ಲವಂತೆ. ನನ್ನ ಕೈಯಲ್ಲಿದ್ದುದು ಅವನು ಮೆಟ್ಟಿಲ ಮೇಲೆ ಇಟ್ಟು ಹೋಗುವ ಅಂಗಿಗಳಲ್ಲೇ ಒಂದು. ಅದನ್ನು ಅಲ್ಲೇ ನೆಲಕ್ಕೆ ಬಿಟ್ಟು, ಕೋಣೆಗೆ ಬಂದೆ.

ನಿನ್ನ ಅತ್ತಿಗೆಯೂ ಆ ಮಾತು ಕೇಳಿಸಿಕೊಂಡಿದ್ದಳು. ಮರುದಿನ ಅವನು ಆಫೀಸಿಗೆ ಹೋದದ್ದೇ ತಡ, ಒಂದು ಚೀಟಿ ತಂದು ನನ್ನ ಮಡಿಲಿಗೆ ಹಾಕಿದಳು. "ಅತ್ತೆ, ಪ್ಲಂಬರ್ ನಂಬರ್. ನಾನು ಕೊಟ್ಟೆ ಅಂತ ಹೇಳ್ಬೇಡಿ" ಅಂದಳು. ಆ ಹುಡುಗಿಯ ಬುದ್ಧಿಯಲ್ಲಿ ಕಾಲು ಭಾಗ ನಾನು ಹೆತ್ತವನಿಗಿದ್ದರೆ ಸಾಕಿತ್ತು. ಪ್ಲಂಬರ್ ಮಧ್ಯಾಹ್ನದೊಳಗೆ ಮೇಲಿನ ಪೈಪಿಗೆ ಕವಲು ಹಾಕಿ ನನ್ನ ಬಚ್ಚಲಿಗೆ ಇಳಿಸಿದ. ಪಾಪ, ಹಿಂದಿನ ಗೋಡೆಯಿಂದ ತರುತ್ತೇನೆ ಅಂದ. ನಾನೇ, ಮುಂದಿನ ಗೋಡೆಯ ನಟ್ಟನಡುವೆ ಬರಲಿ ಎಂದೆ.

ಸಂಜೆ ನಿಮ್ಮಣ್ಣ ಗೇಟಿನಲ್ಲೇ ಕೆಂಡ ತುಳಿದವನ ಹಾಗೆ ಕುಣಿದ. "ಯಾರನ್ನ ಕೇಳಿ ಹಾಕಿಸ್ದೆ ಅಮ್ಮಾ?" ಎಂದು ಕೂಗಿದ. "ಕೇಳೋಣ ಅಂದ್ರೆ ಯಾರೂ ಇರ್ಲಿಲ್ಲ ಕಣೋ" ಎಂದೆ. ಧಡಧಡ ಮೆಟ್ಟಿಲು ಹತ್ತಿ ಹೋದ.

ಇನ್ನೊಂದು ತಮಾಷೆ ಕೇಳು. ಕೆಳಗಿನ ನಲ್ಲಿಗೆ ನೀರಿನ ರಭಸ ಜಾಸ್ತಿ. ನಾನಿಲ್ಲಿ ತಿರುಗಿಸಿದರೆ ಮೇಲಿನ ಸಾಹೇಬರ ಶವರು ನೆಗಡಿಯಾದ ಮೂಗಿನ ಹಾಗೆ ತೊಟ್ಟಿಕ್ಕುತ್ತದೆ. ಎರಡು ದಿನ ಮೈಗೆಲ್ಲ ಸೋಪು ಬಳಿದುಕೊಂಡು ಅರಚಾಡಿದ. ಈಗ ದಿನಾ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಇಳಿದುಬಂದು, ನನ್ನ ಬಾಗಿಲಲ್ಲಿ ನಿಂತು, "ಅಮ್ಮಾ, ಸ್ನಾನ ಆಯ್ತಾ?" ಎಂದು ಕೇಳುತ್ತಾನೆ. ಅಧಿಕಾರವೆಲ್ಲ ಎಲ್ಲಿ ಹೋಯಿತೋ!

ನೀನು ಹೊಟ್ಟೆ ತುಂಬ ಉಣ್ಣು, ಕಾಲಿಗೆ ಎಣ್ಣೆ ಹಚ್ಚಿಕೋ. ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ಮನೆಗೆ ನಡೆದುಹೋಗಲಿ.

ಇತಿ ನಿನ್ನ,
ಅಮ್ಮ

ಮರೆತಿದ್ದೆ. ಇದು ನಿನಗೆ ಮಾತ್ರ. ಒಂದು ವಾಲ್ವ್ ಹಾಕಿದರೆ ಮೇಲೂ ಕೆಳಗೂ ಸಮನಾಗಿ ನೀರು ಬರುತ್ತದೆ, ಹತ್ತು ನಿಮಿಷದ ಕೆಲಸ ಎಂದು ಪ್ಲಂಬರ್ ನಿನ್ನೆ ಬಂದು ಹೇಳಿದ. ಬೇಡಪ್ಪಾ ಎಂದು ವಾಪಸ್ಸು ಕಳಿಸಿದೆ. ನಿಮ್ಮಣ್ಣ ನನ್ನ ಬಾಗಿಲಿಗೆ ಬಂದು ನಿಂತು ಮೂರು ವರ್ಷವಾಗಿತ್ತು ಮಗಳೇ. ಅವನ ಹತ್ತಿರ ಬಾಯಿ ಬಿಡಬೇಡ.