ಪಂಚತಾರಾ ಗಾಳಿ

ಫೆಬ್ರವರಿ 4, ಬೆಳಿಗ್ಗೆ

ಆರು ಹನಿ ಸುಗಂಧದೆಣ್ಣೆ ಸಾಲಲಿಲ್ಲ. ಎಂಟು ಹಾಕಿದೆ. ಪರಿಮಳ ಹರಡುವ ಡಿಫ್ಯೂಸರ್ ಗುರ್ ಎನ್ನುತ್ತಾ ಹೊಗೆಯಂಥ ಆವಿ ಬಿಡುತ್ತಿದೆ. ‘ವೈಟ್ ಟೀ’ ಚೆನ್ನಾಗಿದೆ, ಆದರೆ ತೆಳು. ನಡುಮನೆ ದಾಟಿ ಕಾರಿಡಾರಿಗೆ ಬರುವಷ್ಟರಲ್ಲಿ ಉಸಿರು ಬಿಡುತ್ತದೆ. ಅಂಜೂರದ್ದು ತಲೆನೋವು. ಉಳಿದದ್ದು ‘ಗ್ರ್ಯಾಂಡ್ ಲಾಬಿ’. ಯಾವುದೋ ದೊಡ್ಡ ಹೋಟೆಲಿನ ಲಾಬಿಯಿಂದ ಸ್ಫೂರ್ತಿ ಪಡೆದದ್ದಂತೆ. ಸ್ಫೂರ್ತಿ ಕೊಟ್ಟಿದ್ದು ಹೋಟೆಲಿನವರಿಗೆ ಗೊತ್ತಿದೆಯೋ ಇಲ್ಲವೋ.

ಯಜಮಾನರು ಸ್ನಾನ ಮುಗಿಸಿ ಬಂದು, “ರೂಮ್ ಕೀ ಎಲ್ಲಿ ಮೇಡಂ? ಬ್ರೇಕ್‌ಫಾಸ್ಟ್ ಫ್ರೀ ತಾನೇ?” ಎಂದರು. ನಕ್ಕೆ. ಇವರ ಕಂಪನಿ ಮೀಟಿಂಗಿಗೆ ಹೋದಾಗ ನಾವಿಬ್ಬರೂ ತಂಗಿದ್ದ ಹೋಟೆಲಿನ ನೆನಪಿಗೆ ಈ ಎಣ್ಣೆ ತರಿಸಿದೆ ಅಂತ ಹೇಳಿದ್ದೇನೆ. ಸುಳ್ಳು.

ಕಳೆದ ಭಾನುವಾರ ನಾದಿನಿ ಬಂದಿದ್ದಳು. ಕಾರಿಡಾರಿನಲ್ಲಿ ನಿಂತು ಮೂಗು ಮೇಲೆತ್ತಿ, “ಅತ್ತಿಗೆ, ಏನೋ ಒಂಥರಾ ವಾಸನೆ ಅಲ್ವಾ?” ಅಂದಳು. ಕಾರಿಡಾರಿನ ಕೊನೆಯ ಕೋಣೆ ಅಮ್ಮನದು. ನನ್ನ ಹೆತ್ತಮ್ಮ. “ಡ್ರೈನೇಜ್ ಇರ್ಬೇಕು” ಅಂದುಬಿಟ್ಟೆ. ಕೋಣೆಯ ಬಾಗಿಲು ಓರೆಯಾಗಿತ್ತು.

ಫೆಬ್ರವರಿ 6

ಡ್ರೈನೇಜ್ ಅಲ್ಲ. ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅಮ್ಮನಿಗೆ ಮೂತ್ರ ತಡೆದುಕೊಳ್ಳಲು ಆಗುತ್ತಿಲ್ಲ. ಅವಳು ಹೇಳಿಲ್ಲ, ನಾನು ಕೇಳಿಲ್ಲ. ಬೆಳಕು ಹರಿಯುವ ಮೊದಲೇ ಬಟ್ಟೆಯನ್ನು ತಾನೇ ಒಗೆದು, ಕುರ್ಚಿಯ ಬೆನ್ನಿಗೆ ಹಾಕಿ, ಮೇಲೆ ಟವೆಲ್ ಮುಚ್ಚಿ ಒಣಗಿಸುತ್ತಾಳೆ. ಬಾಲ್ಕನಿಯಲ್ಲಿ ಅಳಿಯನ ಅಂಗಿಯ ಪಕ್ಕ ಹಾಕಲು ಸಂಕೋಚ. ಟವೆಲಿನ ಅಡಿಯಲ್ಲಿ ಯಾವ ಬಟ್ಟೆ ಒಣಗೀತು? ಅದೇ ವಾಸನೆ.

ಕಣ್ಣಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ದಿನವಿಡೀ ಕಂಡಕಂಡವರನ್ನು ಕೇಳುತ್ತೇನೆ—ವಯಸ್ಸೆಷ್ಟು, ಶುಗರ್ ಇದೆಯಾ, ಬಿ.ಪಿ. ಇದೆಯಾ. ಮನೆಗೆ ಬಂದರೆ ನಾಲಿಗೆ ಬಿದ್ದುಹೋಗುತ್ತದೆ. ಮೂಗು ಹಿಡಿದರೆ ಬಾಯಿ ಬಿಡುತ್ತದೆ ಅನ್ನುತ್ತಾರೆ. ನನ್ನದು ಬಿಡಲಿಲ್ಲ. ಎಣ್ಣೆ ತರಿಸಿತು.

ಫೆಬ್ರವರಿ 9, ಭಾನುವಾರ, ಸಂಜೆ

ನಾದಿನಿ ಮತ್ತೆ ಬಂದಳು, ಗಂಡನ ಜೊತೆ. ಮಧ್ಯಾಹ್ನದಿಂದಲೇ ಗ್ರ್ಯಾಂಡ್ ಲಾಬಿ. ಧಾರಾಳವಾಗಿ ಸುರಿದೆ. ಇನ್ನೊಂದು ಪುಟ್ಟ ಡಿಫ್ಯೂಸರನ್ನು ಅಮ್ಮನ ಬಾಗಿಲ ಹೊರಗೆ, ಸ್ಟೂಲಿನ ಮೇಲೆ ಇಟ್ಟೆ. ಒಳಗಲ್ಲ, ಹೊರಗೆ. ಇಡುವಾಗ ಅಮ್ಮ ಮಂಚದ ಮೇಲೆ ಕೂತು ನೋಡುತ್ತಿದ್ದಳು. “ಏನೇ ಅದು?” “ಸುಮ್ನೆ ಅಮ್ಮ, ಘಮ್ಮನ್ನಲಿ ಅಂತ.”

“ಅತ್ತಿಗೆ, ಸೂಪರ್. ಚಪ್ಪಲಿ ಬಿಟ್ಟು ಬರೋದಾ, ಹಾಕ್ಕೊಂಡೇ ಬರೋದಾ?” ಎಂದಳು ನಾದಿನಿ. ಉಬ್ಬಿಹೋದೆ. ಅಮ್ಮ ಹೊರಗೆ ಬರಲೇ ಇಲ್ಲ. ಚಹಾ ಕೊಡಲು ಹೋದರೆ, “ಬೇಡ ಕಣೇ, ಹೊಟ್ಟೆ ತುಂಬಿದೆ” ಅಂದಳು.

ಅವಳು ಹೊರಗೆ ಬರದಿದ್ದದ್ದಕ್ಕೆ ನನಗೆ ಸಮಾಧಾನವಾಯಿತು. ಬರೆದುಬಿಟ್ಟೆ. ಯಾರು ಓದುತ್ತಾರೆ.

ಫೆಬ್ರವರಿ 17

ವಾಸನೆ ಇಲ್ಲ. ಕೋಣೆಯೊಳಗೂ ಇಲ್ಲ. ಕುರ್ಚಿಯ ಮೇಲೆ ಬರೀ ಟವೆಲ್. ಡಿಫ್ಯೂಸರ್ ಆರಿಸಿ ನೋಡಿದೆ, ಆಗಲೂ ಇಲ್ಲ. ಎಣ್ಣೆ ಗೋಡೆಗೇ ಹಿಡಿದಿದೆ ಅಂದುಕೊಂಡೆ. ದೊಡ್ಡ ಬಾಟಲಿಯನ್ನೇ ಆರ್ಡರ್ ಮಾಡಿದೆ.

ಅಮ್ಮನ ತುಟಿ ಬಿರಿದಿದೆ. ಬಿಸಿಲು ಇರಬೇಕು. ಜಗ್ಗಿನಲ್ಲಿ ನೀರು ಕುತ್ತಿಗೆಯವರೆಗೂ ಇತ್ತು. “ನೀರು ಕುಡಿದ್ಯಾ?” “ಆಗ್ಲೇ ಕುಡ್ದೆ.” ಸರಿ ಅಂದು ಬಂದೆ. ಕ್ಲಿನಿಕ್ಕಿಗೆ ಲೇಟಾಗುತ್ತಿತ್ತು.

ಫೆಬ್ರವರಿ 21, ಆಸ್ಪತ್ರೆ

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಕೂತ ಅಮ್ಮ ನನ್ನನ್ನು “ಅಕ್ಕಾ” ಅಂದಳು. ತನ್ನ ಸತ್ತ ಅಕ್ಕ ಅಂದುಕೊಂಡು. ಮೈ ಕೆಂಡ.

ಮೂತ್ರದಲ್ಲಿ ಸೋಂಕು. ಮೈಯಲ್ಲಿ ನೀರೇ ಇಲ್ಲ ಅಂದರು ಡಾಕ್ಟರಮ್ಮ. ಡ್ರಿಪ್ ಹಾಕಿ, ಸಂಜೆ ಸ್ವಲ್ಪ ತಿಳಿವಳಿಕೆ ಬಂದ ಮೇಲೆ ಕೇಳಿದರು. “ಯಾಕಜ್ಜಿ, ನೀರು ಕುಡೀತಾ ಇರ್ಲಿಲ್ವಾ?”

ಅಮ್ಮ ಡಾಕ್ಟರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. “ಬಾಯಾರಿಕೆ ಆಗ್ಲಿಲ್ಲಮ್ಮ” ಅಂದಳು.

ನನ್ನ ಮಾನ ಉಳಿಸಿದಳು, ಆ ಒಣಗಿದ ಬಾಯಲ್ಲಿ. ಡಾಕ್ಟರಮ್ಮ ನನಗೆ ಹೇಳುತ್ತಿದ್ದರು, ಎಷ್ಟೋ ವಯಸ್ಸಾದವರು ಬಟ್ಟೆ ಒದ್ದೆಯಾಗುತ್ತೆ ಅಂತ ನೀರನ್ನೇ ಬಿಟ್ಟುಬಿಡ್ತಾರೆ, ನೀವು ಗಮನಿಸಬೇಕು ಅಂತ. ಹೂಂ ಹೂಂ ಅಂದೆ. ಏನೂ ಗೊತ್ತಿಲ್ಲದವಳ ಹಾಗೆ.

ಫೆಬ್ರವರಿ 26

ಮನೆಗೆ ಕರೆತಂದೆವು. ಕಾರಿನಿಂದ ಇಳಿಸುವಾಗ ಇವರು ಅಮ್ಮನನ್ನು ಕಂಕುಳಿಗೆ ಕೈಕೊಟ್ಟು ಎತ್ತಿದರು. ಅಮ್ಮ ಸೆರಗು ಮುದುಡಿ ಹಿಡಿದು, “ಬಿಡಿ, ನಿಮ್ಮ ಬಟ್ಟೆ...” ಅನ್ನುತ್ತಲೇ ಇದ್ದಳು.

ಆಮೇಲೆ ಇವರು ಅಡುಗೆಮನೆಗೆ ಬಂದರು. “ಅತ್ತೆಗೆ ಹೀಗಿತ್ತು ಅಂತ ನನಗ್ಯಾಕೆ ಹೇಳ್ಲಿಲ್ಲ?”

“ನೀವು ಏನಂದ್ಕೋತೀರೋ ಅಂತ.”

“ನಾನೇನು ಅಂದ್ಕೋತೀನಿ ಅಂತ ನನ್ನನ್ನೇ ಕೇಳ್ಬೋದಿತ್ತು.”

ಕೋಪವಿರಲಿಲ್ಲ. ಇದ್ದಿದ್ದರೆ ಜಗಳ ಮಾಡಬಹುದಿತ್ತು.

ಮಾರ್ಚ್ 1

ಹೇಳಿದೆ. ಕೊನೆಗೂ. ಅಮ್ಮನ ಕಾಲು ಒತ್ತುತ್ತಾ, ಮುಖ ನೋಡದೆ. “ಅಮ್ಮ, ವಾಸನೆ ಬರ್ತಿತ್ತು. ಅದಕ್ಕೇ ಅದನ್ನ ತಂದೆ.”

“ನನಗೇನು ಮೂಗಿಲ್ವಾ.”

ಅವಳೇ ಮುಂದುವರಿಸಿದಳು. “ಕುಡಿದ್ರೆ ತಾನೇ ಆ ಗೋಳು. ಕುಡೀದಿದ್ರೆ ನಿನ್ನ ಹೋಟೆಲು ನಿನಗೆ, ನನ್ನ ಮಾನ ನನಗೆ ಅಂದ್ಕೊಂಡೆ.” ಸೆರಗು ಸರಿಮಾಡಿಕೊಂಡು— “ಬಾಯಿ ಬಿಟ್ಟು ಬೈದಿದ್ರೂ ಆಗ್ತಿತ್ತು ಕಣೇ. ಬಾಗಿಲಿಗೆ ತಂದಿಟ್ಯಲ್ಲ...”

ಕಾಲು ಒತ್ತುತ್ತಲೇ ಇದ್ದೆ. ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದೂ ಬೇಡ. ಒದ್ದೆ ಹೀರುವ ಹೊಸ ಪ್ಯಾಡ್ ಹೇಗೆ ಹಾಕುವುದೆಂದು ತೋರಿಸಿದೆ. “ಒದ್ದೆಯಾದ್ರೆ ಕರಿ. ಬಟ್ಟೆ ನಾನು ಒಗೀತೀನಿ, ಬಾಲ್ಕನೀಲೇ ಹಾಕ್ತೀನಿ.” ನೀರು ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಇಟ್ಟಳು. ನನ್ನ ಮಾತು ನಂಬಿಲ್ಲ. ಯಾಕೆ ನಂಬಬೇಕು?

ಮಾರ್ಚ್ 5

ಇವತ್ತೂ ಅಷ್ಟೇ. ನಾನು ಎದುರು ನಿಂತರೆ ಕುಡಿಯುತ್ತಾಳೆ, ತಿರುಗಿದರೆ ಇಲ್ಲ. ಕರೆಯುವುದೂ ಇಲ್ಲ. ಡಾಕ್ಟರಮ್ಮ ಮತ್ತೆ ಹೀಗಾದರೆ ಕಷ್ಟ ಅಂದಿದ್ದಾರೆ.

ಮಾರ್ಚ್ 9, ಭಾನುವಾರ, ಸಂಜೆ

ಚಹಾ ಕುದಿಯುವವರೆಗೆ ಎರಡು ಸಾಲು. ಇವರೂ ನಾದಿನಿಯೂ ನಡುಮನೆಯಲ್ಲಿ ಹರಟುತ್ತಿದ್ದಾರೆ. ಡಿಫ್ಯೂಸರ್ ಇಟ್ಟಿಲ್ಲ. ಒಂಚೂರು ವಾಸನೆ ಇದೆ. ನಾದಿನಿಗೂ ತಿಳಿದಿರಬೇಕು, ಏನೂ ಅನ್ನಲಿಲ್ಲ. ನನಗಂತೂ ಕಿವಿ ಬಿಸಿಯಾಗುತ್ತಿದೆ. ಇಷ್ಟೆಲ್ಲ ಆದಮೇಲೂ. ಕೈ ಒಂದು ಸಲ ಎಣ್ಣೆ ಬಾಟಲಿಯಿರುವ ಕಪಾಟಿನತ್ತ ಹೋಗಿ ಬಂತು. ಥೂ ನನ್ನ ಜನ್ಮಕ್ಕೆ. ಬೆಳಿಗ್ಗೆ ತುಂಬಿಟ್ಟ ಜಗ್ಗು ಈಗ ಅರ್ಧಕ್ಕೆ ಇಳಿದಿದೆ, ಚೆಲ್ಲಿದಳೋ ಕುಡಿದಳೋ—

ಅಮ್ಮ ಕೂಗಿದಳು. ನಡುಮನೆಗೆ ಕೇಳುವಷ್ಟು ಜೋರಾಗಿ. “ಒದ್ದೆಯಾಯ್ತು ಕಣೇ, ಬಾ.”

ಹರಟೆ ನಿಂತಿತು. “ಬಂದೆ ಅಮ್ಮ” ಅಂದೆ, ನಾನೂ ಅಷ್ಟೇ ಜೋರಾಗಿ. ಒಲೆ ಆರಿಸಿ ಹೊರಟೆ.