ಲವಲವಿಕೆ ಎಲ್ಲಿಂದ ಬಂತು

ದಾಂಡೇಲಿ, ಗುರುವಾರ

ಶಾಲೆಯ ಅಕ್ಕೋರಿಗೆ, ದ್ರಾಕ್ಷಾಯಣಿಯ ತಾಯಿ ಶೈಲಾ ಮಾಡುವ ನಮಸ್ಕಾರ.

ಮಗಳ ಪ್ರಗತಿಪತ್ರದಲ್ಲಿ ‘ಲವಲವಿಕೆ ಸಾಲದು’ ಎಂದು ಬರೆದಿದ್ದೀರಿ. ಆ ಪದದ ಅರ್ಥವನ್ನೂ ಮೂಲವನ್ನೂ ಮನೆಯಲ್ಲಿ ಕೇಳಿಕೊಂಡು ಬಾ ಎಂದೂ ಹೇಳಿದ್ದೀರಂತೆ. ನಮ್ಮ ಅತ್ತೆಯನ್ನು ಕೇಳಿದೆ. “ಕೂಸು ಸುಮ್ಮನಿರದ ಕೈಕಾಲು ಲವಲವ ಆಡಸ್ತೈತಲ್ಲ, ಅದರಿಂದನ ಬಂದಿರಬೇಕು” ಎಂದರು. ಸರಿಯೋ ತಪ್ಪೋ, ನೀವೇ ನೋಡಿ.

ನಮ್ಮದು ಒಂದೇ ಕೋಣೆ. ಮಿಲ್ಲಿನಲ್ಲಿ ರಾತ್ರಿ ಪಾಳಿ ಇದ್ದಾಗ ಅವಳ ಅಪ್ಪ ಹಗಲು ಮಲಗುತ್ತಾರೆ. ನಿದ್ದೆ ಕೆಟ್ಟರೆ ಯಂತ್ರದ ಮುಂದೆ ತೂಕಡಿಸಿಯಾರೆಂದು ನನಗೆ ಭಯ. ಹಾಗಾಗಿ ಅವಳು ನಡೆಯಲು ಕಲಿತ ವಾರವೇ ಕಾಲ್ಗೆಜ್ಜೆ ಬಿಚ್ಚಿಟ್ಟೆ. ಈಗ ನೀರು ಬೇಕಾದರೂ ಕೈಸನ್ನೆ ಮಾಡುತ್ತಾಳೆ.

ನಿನ್ನೆ ಅವರು ಕೆಲಸಕ್ಕೆ ಹೋದ ಮೇಲೆ, ಈ ಪದವನ್ನು ಗಟ್ಟಿಯಾಗಿ ಓದು ಎಂದೆ. ಸುತ್ತಿಟ್ಟ ಹಾಸಿಗೆಯತ್ತ ನೋಡಿ, “ಅಪ್ಪಗ ಎಚ್ಚರಾಕ್ಕೈತಿ, ಅವ್ವಾ” ಎಂದು ಪಿಸುಗುಟ್ಟಿದಳು.

ದಯವಿಟ್ಟು ದಿನಾ ಪದ್ಯ ಓದಲು ಅವಳನ್ನೇ ಎಬ್ಬಿಸಿ ನಿಲ್ಲಿಸಿ. ಶಾಲೆಯಲ್ಲಿ ಯಾರೂ ಮಲಗಿರುವುದಿಲ್ಲ ಎಂದು ನಾನು ಹೇಳಿದ್ದೇನೆ. ನೀವೂ ಒಮ್ಮೆ ಹೇಳಿ.

ತಮ್ಮ ವಿಶ್ವಾಸಿ,
ಶೈಲಾ